ಬೇರೆ ಬೇರೆ ಕೋಣೆಯೋ, ಒಂದೇ ಕೋಣೆಯೋ? ವೆಬ್ ಸರ್ವರಿನ ವಿಧಾನಗಳು

ಪಟಾನ್‌ಚೆರುವಿನ ಕಾರ್ಖಾನೆಗಳಲ್ಲಿ ದುಡಿಯುವ ನಮ್ಮವರಿಗೆ ಭವಿಷ್ಯನಿಧಿಯ ಲೆಕ್ಕ, ಊರಿನಲ್ಲಿರುವ ಮಕ್ಕಳ ಪರೀಕ್ಷೆಯ ಫಲಿತಾಂಶ, ಎಷ್ಟೋ ಕಡೆ ಸಂಬಳದ ಚೀಟಿಯೂ ಈಗ ವೆಬ್ ಪುಟದ ಮೂಲಕವೇ ದೊರೆಯುತ್ತವೆ. ಎಲ್ಲರೂ ಒಮ್ಮೆಗೇ ಪುಟ ತೆರೆದಾಗ ಯಂತ್ರ ಮಂಕಾಗಿ ನಿಲ್ಲುವುದುಂಟು. ಕೂಲಿಯವನಿಗೆ ಅರ್ಧ ದಿನದ ಕೆಲಸ ಹೋಗುವುದುಂಟು. ಸಣ್ಣ ಕಚೇರಿಗಳಲ್ಲಿ ಆ ಯಂತ್ರದ ಹೊಣೆ ಕಂಪ್ಯೂಟರ್ ಬಲ್ಲ ಗುಮಾಸ್ತರ ತಲೆಗೇ ಬೀಳುತ್ತದೆ. ಅಂಥ ವಾಚಕರಿಗಾಗಿ ಈ ನಾಲ್ಕು ಮಾತು.

ಕೇಳಿದ ಪುಟವನ್ನು ಕಳುಹಿಸಿಕೊಡುವ ಪ್ರೋಗ್ರಾಮಿಗೆ ವೆಬ್ ಸರ್ವರ್ ಎಂದು ಹೆಸರು. ಅವುಗಳಲ್ಲಿ ಅಪಾಚೆ ಎಂಬುದು 1995ರಲ್ಲಿ ಹೊರಬಂದಿತು. 2002ರ 2.0 ಆವೃತ್ತಿಯಿಂದ, ಬಂದ ಕೋರಿಕೆಗಳನ್ನು ಅದು ಹೇಗೆ ನಿಭಾಯಿಸಬೇಕೆಂಬುದನ್ನು ನಾವೇ ಆರಿಸಬಹುದು.

ಬೀದರ್, ಕಲಬುರಗಿಗಳ ಕಡೆಯಿಂದ ಕೆಲಸಕ್ಕೆ ಬಂದವರು ಇರುವ ಬಗೆಯನ್ನೇ ನೋಡಿರಿ. ಒಬ್ಬೊಬ್ಬರೂ ಬೇರೆ ಕೋಣೆ, ಬೇರೆ ಒಲೆ ಇಟ್ಟುಕೊಂಡರೆ ಬಾಡಿಗೆ ಹೆಚ್ಚು. ಆದರೆ ಒಬ್ಬನ ಒಲೆ ಕೆಟ್ಟರೆ ಮತ್ತೊಬ್ಬನ ಊಟ ನಿಲ್ಲದು. ಇದು ಪ್ರೊಸೆಸ್ ವಿಧಾನ. ಅಪಾಚೆಯಲ್ಲಿ ಇದರ ಹೆಸರು ಪ್ರೀಫೋರ್ಕ್. ನಾಲ್ಕಾರು ಮಂದಿ ಒಂದೇ ಕೋಣೆಯಲ್ಲಿದ್ದರೆ ಖರ್ಚು ಕಡಿಮೆ. ಆದರೆ ಬೆಂಕಿ ಬಿದ್ದರೆ ಎಲ್ಲರೂ ಬೀದಿಗೆ. ಒಂದೇ ಪಾತ್ರೆಗೆ ಇಬ್ಬರು ಕೈಹಾಕದಂತೆ ಸರದಿಯನ್ನೂ ಪಾಲಿಸಬೇಕು. ಇದು ಥ್ರೆಡ್ ವಿಧಾನ. ಇದರ ಹೆಸರು ವರ್ಕರ್. ಬದಲಾಯಿಸದೆ ಬಿಟ್ಟರೆ ಇದರಲ್ಲಿ ಒಂದು ಪ್ರೊಸೆಸ್‌ನೊಳಗೆ 25 ಥ್ರೆಡ್‌ಗಳು ಕೆಲಸಮಾಡುತ್ತವೆ. ಆ ಪ್ರೊಸೆಸ್ ಸತ್ತರೆ 25ರ ಕೆಲಸವೂ ಹೋಯಿತು.

ಮೂರನೆಯದು ಈವೆಂಟ್, 2012ರ 2.4 ಆವೃತ್ತಿಯಲ್ಲಿ ಪಕ್ಕಾ ಆದದ್ದು. ಪುಟ ಪಡೆದವನು ಮತ್ತೇನಾದರೂ ಕೇಳಬಹುದೆಂದು ಸರ್ವರು ಸ್ವಲ್ಪ ಹೊತ್ತು ಸಂಪರ್ಕ ಹಿಡಿದಿರುತ್ತದೆ. ಮೊದಲ ಎರಡು ವಿಧಾನಗಳಲ್ಲಿ ಅಷ್ಟು ಹೊತ್ತು ಒಬ್ಬ ಆಳು ಕೈಕಟ್ಟಿ ನಿಲ್ಲಬೇಕು. ಈವೆಂಟಿನಲ್ಲಿ ಕಾಯುವವರನ್ನೆಲ್ಲ ಒಬ್ಬನೇ ಕಾವಲುಗಾರ ನೋಡಿಕೊಳ್ಳುತ್ತಾನೆ. ಉಳಿದ ಆಳುಗಳು ಬೇರೆ ಕೆಲಸಕ್ಕೆ ಸಿಗುತ್ತಾರೆ.

ಹಾಗಾದರೆ ಎಲ್ಲರೂ ಈವೆಂಟನ್ನೇ ಏಕೆ ಹಾಕಬಾರದು? ಅಡ್ಡಿ ಇರುವುದು ಪಿಎಚ್‌ಪಿಯಲ್ಲಿ. ಅದನ್ನು ಅಪಾಚೆಯ ಒಳಗೇ ಸೇರಿಸಿ ನಡೆಸುವಲ್ಲಿ, ಅದು ಬಳಸುವ ಕೆಲವು ಲೈಬ್ರರಿಗಳು ಸರದಿ ಪಾಲಿಸುವುದಿಲ್ಲ. ಆದುದರಿಂದ ಪ್ರೀಫೋರ್ಕೇ ಕ್ಷೇಮ. ಪಿಎಚ್‌ಪಿಯನ್ನು ಹೊರಗಿಟ್ಟು, ಪಿಎಚ್‌ಪಿ-ಎಫ್‌ಪಿಎಂ ಎಂಬ ಬೇರೆ ವ್ಯವಸ್ಥೆಗೆ ಒಪ್ಪಿಸಿದರೆ ಆ ಅಡ್ಡಿ ಕಳೆಯುತ್ತದೆ. ಆಗ ಚಿತ್ರ, ಕಡತಗಳನ್ನು ಥ್ರೆಡ್‌ಗಳು ಅಗ್ಗದಲ್ಲಿ ಕಳುಹಿಸುತ್ತವೆ. ಪಿಎಚ್‌ಪಿಯ ಕೆಲಸ ಮಾತ್ರ ಬೇರೆ ಪ್ರೊಸೆಸ್‌ಗಳಲ್ಲಿ ನಡೆಯುತ್ತದೆ. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯವೂ ಪಿಎಚ್‌ಪಿಯಲ್ಲಿ ಬರೆದ ಮೀಡಿಯವಿಕಿಯ ಮೇಲೆಯೇ ನಿಂತಿದೆ. ಅದನ್ನು ನಡೆಸುವ ವಿಕಿಮೀಡಿಯ 2019ರಲ್ಲಿ ಪಿಎಚ್‌ಪಿ 7ಕ್ಕೆ ಬಂದಾಗ ಈ ಎಫ್‌ಪಿಎಂ ಮಾರ್ಗವನ್ನೇ ಹಿಡಿಯಿತು.

ವಿಧಾನ ಯಾವುದಾದರೂ ಲೆಕ್ಕ ತಪ್ಪಬಾರದು. ನಿಮ್ಮ ಯಂತ್ರದ ಮೆಮೊರಿ 2048 ಎಂಬಿ ಎಂದಿಟ್ಟುಕೊಳ್ಳಿ. ದತ್ತಾಂಶ ಭಂಡಾರವೂ ಇತರ ಕೆಲಸಗಳೂ 848 ಎಂಬಿ ತಿಂದರೆ ಉಳಿದದ್ದು 1200. ಒಂದೊಂದು ಪ್ರೊಸೆಸ್‌ಗೆ 50 ಎಂಬಿ ಬೇಕಾದರೆ 24ಕ್ಕಷ್ಟೇ ಸ್ಥಳ. ಆದರೆ ಪ್ರೀಫೋರ್ಕ್ ತಾನಾಗಿ ಅನುಮತಿಸುವ ಮಿತಿ 256. ಅಷ್ಟೂ ಎದ್ದು ನಿಂತರೆ 12,800 ಎಂಬಿ ಬೇಕು. ಆಗ ಯಂತ್ರ ಡಿಸ್ಕನ್ನೇ ಮೆಮೊರಿಯಾಗಿ ಬಳಸತೊಡಗಿ ಎಲ್ಲರ ಕೆಲಸವೂ ನಿಲ್ಲುತ್ತದೆ. ಮ್ಯಾಕ್ಸ್‌ರಿಕ್ವೆಸ್ಟ್‌ವರ್ಕರ್ಸ್ ಎಂಬ ಮಿತಿಯನ್ನು 24ಕ್ಕೋ ಅದಕ್ಕಿಂತ ತುಸು ಕೆಳಗೋ ಇಟ್ಟರೆ 25ನೆಯವನು ಕ್ಷಣಕಾಲ ಕಾಯುತ್ತಾನೆ, ಆದರೆ ಪುಟ ಸಿಗುತ್ತದೆ. ಎಫ್‌ಪಿಎಂ ಬಳಸುವವರು ಅದರ ಪ್ರೊಸೆಸ್‌ಗಳಿಗೂ ಇದೇ ಲೆಕ್ಕ ಹಾಕತಕ್ಕದ್ದು.

ಹಳೆಯ ಪಿಎಚ್‌ಪಿ ಪುಟ, ಕಡಿಮೆ ಬಳಕೆದಾರರು ಎಂದಾದರೆ ಪ್ರೀಫೋರ್ಕ್ ಸಾಕು. ಬಳಕೆದಾರರು ಹೆಚ್ಚು, ಮೆಮೊರಿ ಕಡಿಮೆ ಎಂದಾದರೆ ಈವೆಂಟ್ ಮತ್ತು ಎಫ್‌ಪಿಎಂ ಮೇಲು. ಬದಲಾವಣೆಯನ್ನು ಸಂಬಳದ ದಿನ ಮಾಡದೆ ರಜಾದಿನದಲ್ಲಿ ಮಾಡಿರಿ. ಹಳೆಯ ಸೆಟ್ಟಿಂಗಿನ ಪ್ರತಿಯೊಂದನ್ನು ತೆಗೆದಿಡಲು ಮರೆಯಬೇಡಿರಿ.