ಮುದ್ದೆ, ಅನ್ನ, ಒಂದು ಚಮಚ ಎಣ್ಣೆ: ದಿನನಿತ್ಯದ ಆಹಾರದಲ್ಲಿ ಕ್ಯಾಲೊರಿಯ ಲೆಕ್ಕ

ಬೇಲೂರು ತಾಲ್ಲೂಕಿನ ಪಶ್ಚಿಮ ಭಾಗ ಕಾಫಿ ಹಾಗೂ ಭತ್ತದ ಮಲೆನಾಡಾದರೆ, ಮಾದಿಹಳ್ಳಿ ಹೋಬಳಿಯ ಕಡೆಗೆ ಬಂದಂತೆ ಭೂಮಿ ಬಯಲಾಗುತ್ತದೆ, ಊಟದ ತಟ್ಟೆಯಲ್ಲಿ ರಾಗಿ ಮುದ್ದೆ ಕಾಣಿಸಿಕೊಳ್ಳುತ್ತದೆ. ಮುದ್ದೆ ಉಂಡವನಿಗೆ ಬಲ ಹೆಚ್ಚು, ಅನ್ನ ಉಂಡವನಿಗೆ ಕಡಿಮೆ ಎಂಬ ಮಾತು ಇಲ್ಲಿ ಸಾಮಾನ್ಯ. ಅಂಗನವಾಡಿ ಹಾಗೂ ಶಾಲೆಯ ಬಿಸಿಯೂಟದ ಕಡತಗಳಲ್ಲಿಯಾದರೋ ಬಲವೆಂಬ ಪದವಿಲ್ಲ, ಅಲ್ಲಿರುವುದು ಕ್ಯಾಲೊರಿ. ಆ ಕಡತಗಳು ಸದಸ್ಯರ ಮುಂದೆ ಬರುವುದರಿಂದ ಈ ಅಳತೆಯ ಅರ್ಥವನ್ನು ತಿಳಿದಿರುವುದು ಅಗತ್ಯ.

ಕ್ಯಾಲೊರಿ ಎಂಬುದು ಆಹಾರದಲ್ಲಿರುವ ಯಾವುದೋ ಪದಾರ್ಥವಲ್ಲ, ಅದು ಶಾಖದ ಅಳತೆ. ಒಂದು ಕಿಲೋ ನೀರಿನ ಉಷ್ಣತೆಯನ್ನು ಒಂದು ಡಿಗ್ರಿ ಸೆಲ್ಸಿಯಸ್ ಏರಿಸಲು ಬೇಕಾಗುವ ಶಾಖವೇ ಒಂದು ಕಿಲೋ ಕ್ಯಾಲೊರಿ. ಆಹಾರದ ವಿಷಯದಲ್ಲಿ ಬಳಕೆಯಲ್ಲಿರುವುದು ಇದೇ. ವ್ಯವಹಾರದಲ್ಲಿ ‘ಕಿಲೋ’ ಬಿಟ್ಟುಹೋಗಿದೆ. ಒಲೆಗೆ ಸೌದೆ ಹೇಗೋ ದೇಹಕ್ಕೆ ಆಹಾರ ಹಾಗೆ. ಹಿಟ್ಟು ಮತ್ತು ಸಕ್ಕರೆಯ ಅಂಶ ಗ್ರಾಂ ಒಂದಕ್ಕೆ ಸುಮಾರು 4 ಕ್ಯಾಲೊರಿ ನೀಡುತ್ತದೆ, ಸಸಾರಜನಕವೂ 4, ಕೊಬ್ಬು 9. ನೀರು ಏನನ್ನೂ ನೀಡುವುದಿಲ್ಲ. ಈ ಕೊನೆಯ ವಾಕ್ಯವನ್ನು ಮರೆಯುವುದರಿಂದಲೇ ಹೆಚ್ಚಿನ ತಪ್ಪು ಲೆಕ್ಕಗಳು ಹುಟ್ಟುತ್ತವೆ.

ಭಾರತೀಯ ಆಹಾರಗಳ ಪೋಷಕಾಂಶ ಪಟ್ಟಿ ಮೊದಲು ಪ್ರಕಟವಾದದ್ದು 1937ರಲ್ಲಿ, ಕೂನೂರಿನ ಪ್ರಯೋಗಾಲಯದಿಂದ. ಅದೇ ಸಂಸ್ಥೆ ಮುಂದೆ ಹೈದರಾಬಾದಿಗೆ ಸ್ಥಳಾಂತರಗೊಂಡು ರಾಷ್ಟ್ರೀಯ ಪೋಷಣಾ ಸಂಸ್ಥೆಯಾಯಿತು. ಅದರ ಇತ್ತೀಚಿನ ಪಟ್ಟಿ 2017ರದು. ಈ ಪಟ್ಟಿಗಳ ಪ್ರಕಾರ 100 ಗ್ರಾಂ ರಾಗಿಯಲ್ಲಿ ಸುಮಾರು 320 ಕ್ಯಾಲೊರಿ, 100 ಗ್ರಾಂ ಅಕ್ಕಿಯಲ್ಲಿ ಸುಮಾರು 350. ಅಂದರೆ ಕ್ಯಾಲೊರಿಯ ಲೆಕ್ಕದಲ್ಲಿ ಮುದ್ದೆ ಅನ್ನಕ್ಕಿಂತ ಮೇಲಲ್ಲ, ಒಂದಿಷ್ಟು ಕಡಿಮೆಯೇ. ಹಾಗೆಂದು ಹಿರಿಯರ ಮಾತು ಸುಳ್ಳೆಂದು ತಿಳಿಯಬೇಕಾಗಿಲ್ಲ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದ್ದರೆ ಪಾಲಿಶ್ ಮಾಡಿದ ಅಕ್ಕಿಯಲ್ಲಿ 10 ಮಿಲಿಗ್ರಾಂ ಆಸುಪಾಸು. ನಾರಿನಂಶವೂ ರಾಗಿಯಲ್ಲಿ ಹಲವು ಪಟ್ಟು ಅಧಿಕ. ಆದಕಾರಣ ಅದು ನಿಧಾನವಾಗಿ ಜೀರ್ಣವಾಗುತ್ತದೆ, ಹಸಿವು ತಡವಾಗಿ ಆಗುತ್ತದೆ. ಹೊಲದಲ್ಲಿ ದುಡಿಯುವವನು ಇದನ್ನೇ ಬಲವೆಂದು ಕರೆದನು.

ಇತರ ಪದಾರ್ಥಗಳ ಲೆಕ್ಕವೂ ಕಷ್ಟವಲ್ಲ. ತೊಗರಿಬೇಳೆ, ಹುರುಳಿ, ಇವು ನೂರು ಗ್ರಾಂಗೆ ಸುಮಾರು 330; ಆದರೆ ಸಸಾರಜನಕ 20 ಗ್ರಾಂಗೂ ಮೇಲಿದ್ದು, ರಾಗಿಯಲ್ಲಿ ಕೊರತೆಯಾಗುವ ಅಂಶವನ್ನು ತುಂಬುತ್ತವೆ. ಒಂದು ಕೋಳಿಮೊಟ್ಟೆ ಸುಮಾರು 70. ಒಂದು ಹಿಡಿ, ಅಂದರೆ 30 ಗ್ರಾಂ, ಕಡಲೆಕಾಯಿ ಬೀಜ ಸುಮಾರು 160. ಒಂದು ಟೀ ಚಮಚ ಎಣ್ಣೆ ಅಥವಾ ತುಪ್ಪ 45. ಸೊಪ್ಪಿನಲ್ಲಿ ಕ್ಯಾಲೊರಿ ಅತ್ಯಲ್ಪ. ಸೊಪ್ಪನ್ನು ತಿನ್ನಬೇಕಾದದ್ದು ಬೇರೆ ಕಾರಣಗಳಿಗೆ.

ಈ ಸಂಖ್ಯೆಗಳು ಅತ್ಯಂತ ಮುಖ್ಯವಾಗುವುದು ಚಿಕ್ಕ ಮಕ್ಕಳ ವಿಷಯದಲ್ಲಿ. ಒಂದರಿಂದ ಮೂರು ವರ್ಷದ ಮಗುವಿಗೆ ದಿನಕ್ಕೆ ಸುಮಾರು 1000 ದಿಂದ 1100 ಕ್ಯಾಲೊರಿ ಬೇಕು. ಆದರೆ ಒಂದು ವರ್ಷದ ಮಗುವಿನ ಹೊಟ್ಟೆ ಒಮ್ಮೆಗೆ ಹಿಡಿಯುವುದು ಒಂದು ಲೋಟದಷ್ಟು ಮಾತ್ರ. ಆ ಲೋಟದಲ್ಲಿ 15 ಗ್ರಾಂ ರಾಗಿ ಹಿಟ್ಟಿನ ತೆಳು ಅಂಬಲಿಯಿದ್ದರೆ ಮಗುವಿಗೆ ದೊರೆಯುವುದು 50 ಕ್ಯಾಲೊರಿಗೂ ಕಡಿಮೆ. ಹೊಟ್ಟೆ ತುಂಬುತ್ತದೆ, ಅಳು ನಿಲ್ಲುತ್ತದೆ, ತೂಕ ಮಾತ್ರ ಏರುವುದಿಲ್ಲ. ಅದೇ 15 ಗ್ರಾಂ ಹಿಟ್ಟನ್ನು ಅರ್ಧ ನೀರು, ಅರ್ಧ ಹಾಲಿನಲ್ಲಿ ಬೇಯಿಸಿ ಒಂದು ಚಮಚ ತುಪ್ಪ ಹಾಕಿದರೆ ಲೋಟವೊಂದಕ್ಕೆ 150 ದಾಟುತ್ತದೆ. ಹಿಟ್ಟನ್ನೇ ಹೆಚ್ಚಿಸೋಣವೆಂದರೆ ಸರಿ ಗಟ್ಟಿಯಾಗಿ ಮಗು ನುಂಗಲಾರದು. ಇದಕ್ಕೆ ಪರಿಹಾರವನ್ನು ಈ ಸೀಮೆಯ ಅಜ್ಜಿಯರು ಪಟ್ಟಿಗಳಿಗಿಂತ ಬಹಳ ಮೊದಲೇ ಕಂಡುಕೊಂಡಿದ್ದರು: ರಾಗಿಯನ್ನು ನೆನೆಸಿ, ಮೊಳಕೆ ಕಟ್ಟಿ, ಒಣಗಿಸಿ, ಹುರಿದು ಬೀಸುವುದು. ಮೊಳಕೆಯೊಡೆಯುವಾಗ ಹುಟ್ಟುವ ಕಿಣ್ವವು ಹಿಟ್ಟಿನ ಅಂಟನ್ನು ಒಡೆಯುವುದರಿಂದ, ಹೆಚ್ಚು ಹಿಟ್ಟು ಹಾಕಿದರೂ ಸರಿ ತೆಳುವಾಗಿಯೇ ಉಳಿಯುತ್ತದೆ. ಬಿಸಿ ಹೆಚ್ಚಾಗಿ ಹುರಿದರೆ ಆ ಕಿಣ್ವ ನಾಶವಾಗುತ್ತದೆ. ಹದವಾದ ಬಿಸಿ ಸಾಕು.

ಇನ್ನೊಂದು ರೂಢಿಯನ್ನು ಗಮನಿಸಬೇಕು. ಮಗುವಿಗೆ ಖಾರವಾದೀತೆಂದು ಸಾರಿನ ತಿಳಿಯನ್ನಷ್ಟೇ ಅನ್ನಕ್ಕೆ ಹಾಕಿ, ಕಾಳನ್ನು ದೊಡ್ಡವರ ತಟ್ಟೆಗೆ ಬಡಿಸುವುದುಂಟು. ತಿಳಿಯಲ್ಲಿರುವುದು ಬಹುಪಾಲು ನೀರು. ಮಗುವಿಗೆ ಬೇಕಾದದ್ದು ಕಾಳು, ಚೆನ್ನಾಗಿ ಹಿಸುಕಿ.

ಗರ್ಭಿಣಿಗೆ ಎಂದಿನ ಆಹಾರಕ್ಕಿಂತ ದಿನಕ್ಕೆ 350 ಕ್ಯಾಲೊರಿ ಅಧಿಕವಾಗಿ ಬೇಕು. ಹಾಲುಣಿಸುವ ತಾಯಿಗೆ ಮೊದಲ ಆರು ತಿಂಗಳು 600. ಮುದ್ದೆಯ ಭಾಷೆಯಲ್ಲಿ ಹೇಳುವುದಾದರೆ, 100 ಗ್ರಾಂ ಹಿಟ್ಟಿನ ಒಂದು ಮುದ್ದೆ ಗರ್ಭಿಣಿಗೆ, ಸುಮಾರು ಎರಡು ಮುದ್ದೆ ಬಾಣಂತಿಗೆ. ಮನೆಯಲ್ಲಿ ಎಲ್ಲರಿಗೂ ಬಡಿಸಿದ ಮೇಲೆ ಉಣ್ಣುವವಳಿಗೆ ಈ ಹೆಚ್ಚುವರಿ ಮುದ್ದೆ ಉಳಿದಿರುತ್ತದೆಯೇ ಎಂಬುದು ಬೇರೆ ಪ್ರಶ್ನೆ. 2017ರ ಅಕ್ಟೋಬರ್ 2ರಂದು ಆರಂಭವಾದ ಮಾತೃಪೂರ್ಣ ಯೋಜನೆಯು ಊಟವನ್ನು ಮನೆಗೆ ಕೊಡದೆ ಅಂಗನವಾಡಿಯಲ್ಲಿಯೇ ಬಡಿಸಲು ಹೊರಟದ್ದು ಇದೇ ಕಾರಣಕ್ಕೆ: ಮನೆಗೆ ಹೋದ ಊಟ ನಾಲ್ವರಲ್ಲಿ ಹಂಚಿಹೋಗುತ್ತದೆ.

ವಯಸ್ಕರಲ್ಲಿ ಸಮಸ್ಯೆ ಹಲವೆಡೆ ತಿರುವುಮುರುವಾಗಿದೆ. 65 ಕಿಲೋ ತೂಕದ ಪುರುಷನು ಮಧ್ಯಮ ಶ್ರಮದ ಕೆಲಸ ಮಾಡಿದರೆ ದಿನಕ್ಕೆ ಸುಮಾರು 2710 ಕ್ಯಾಲೊರಿ ಬೇಕು, ಕುಳಿತು ಮಾಡುವ ಕೆಲಸವಾದರೆ 2110 ಸಾಕು. ವ್ಯತ್ಯಾಸ 600, ಸರಿಸುಮಾರು ಎರಡು ಮುದ್ದೆ. ನೇಗಿಲ ಬದಲು ಟ್ರ್ಯಾಕ್ಟರು, ನಡಿಗೆಯ ಬದಲು ಬೈಕು ಬಂದಾಗ ತಟ್ಟೆಯಲ್ಲಿ ಆ ಎರಡು ಮುದ್ದೆ ಕಡಿಮೆಯಾಗಲಿಲ್ಲ. ಎರಡು ಚಮಚ ಸಕ್ಕರೆಯ ಒಂದು ಲೋಟ ಟೀಯಲ್ಲಿ ಸುಮಾರು 75 ಕ್ಯಾಲೊರಿಯಿದೆ. ದಿನಕ್ಕೆ ಐದು ಲೋಟ ಕುಡಿದರೆ ಒಂದು ಮುದ್ದೆಯನ್ನೂ ಮೀರುತ್ತದೆ. ಸಭೆಗಳಿರುವ ದಿನ ಸದಸ್ಯರು ಇದನ್ನು ತಾವೇ ಎಣಿಸಿ ನೋಡಬಹುದು.

ಕೊನೆಯದಾಗಿ ಶಾಲೆಯ ಬಿಸಿಯೂಟ. 2013ರ ರಾಷ್ಟ್ರೀಯ ಆಹಾರ ಭದ್ರತಾ ಕಾಯ್ದೆಯು ಕಿರಿಯ ಪ್ರಾಥಮಿಕ ಹಂತದ ಮಗುವಿಗೆ 450 ಕ್ಯಾಲೊರಿ ಮತ್ತು 12 ಗ್ರಾಂ ಸಸಾರಜನಕವನ್ನು, ಹಿರಿಯ ಪ್ರಾಥಮಿಕ ಹಂತಕ್ಕೆ 700 ಕ್ಯಾಲೊರಿ ಮತ್ತು 20 ಗ್ರಾಂ ಸಸಾರಜನಕವನ್ನು ನಿಗದಿಪಡಿಸಿದೆ. ಬೇಯಿಸಿದ ಅನ್ನವನ್ನು ನೋಡಿ 450 ಇದೆಯೇ ಎಂದು ಯಾರೂ ಹೇಳಲಾರರು, ಏಕೆಂದರೆ ಒಂದು ಕಿಲೋ ಅಕ್ಕಿ ನೀರು ಹೀರಿ ಎರಡೂವರೆ ಕಿಲೋಗೂ ಮೇಲಾಗುತ್ತದೆ, ಸಾರಿಗೆ ಎಷ್ಟು ನೀರು ಬೇಕಾದರೂ ಸುರಿಯಬಹುದು. ಲೆಕ್ಕವಿರುವುದು ಒಲೆಗೇರುವ ಮುನ್ನ. ಮಗುವೊಂದಕ್ಕೆ ಅಕ್ಕಿ 100 ಗ್ರಾಂ, ಬೇಳೆ 20 ಗ್ರಾಂ, ತರಕಾರಿ 50 ಗ್ರಾಂ, ಎಣ್ಣೆ 5 ಗ್ರಾಂ. ಇಷ್ಟಿದ್ದರೆ 450 ದಾಟುತ್ತದೆ. ಒಂದರಿಂದ ಐದನೆಯ ತರಗತಿಯ 60 ಮಕ್ಕಳು ಹಾಜರಿರುವ ದಿನ 6 ಕಿಲೋ ಅಕ್ಕಿ, 1 ಕಿಲೋ 200 ಗ್ರಾಂ ಬೇಳೆ, 3 ಕಿಲೋ ತರಕಾರಿ, 300 ಗ್ರಾಂ ಎಣ್ಣೆ ಉಗ್ರಾಣದಿಂದ ಹೊರಬರಬೇಕು. ಅಕ್ಕಿ ನಾಲ್ಕೂವರೆ ಕಿಲೋಗೆ ಇಳಿದರೆ ಪ್ರತಿ ಮಗುವಿನ ತಟ್ಟೆಯಿಂದ ಸುಮಾರು 90 ಕ್ಯಾಲೊರಿ ಇಳಿಯಿತು. ಬೇಳೆ ಅರ್ಧವಾದರೆ ಕ್ಯಾಲೊರಿಯ ನಷ್ಟ ಅಲ್ಪವೆನಿಸಿದರೂ ಸಸಾರಜನಕದಲ್ಲಿ 2 ಗ್ರಾಂಗೂ ಮೇಲು ಕಳೆಯಿತು. ಆದುದರಿಂದ ಶಾಲೆಗೆ ಭೇಟಿ ನೀಡುವ ಸದಸ್ಯರು ಊಟದ ಹೊತ್ತಿಗಿಂತ ಬೆಳಿಗ್ಗೆ, ಅಕ್ಕಿ ಅಳೆಯುವ ಹೊತ್ತಿಗೆ ಹೋಗುವುದು ಮೇಲು. ಸೇರು, ಪಾವುಗಳ ಅಳತೆಯಲ್ಲಿ ವ್ಯತ್ಯಾಸವಾಗುವುದರಿಂದ ಅಡುಗೆ ಮನೆಯಲ್ಲಿ ಸರಿಯಾದ ತಕ್ಕಡಿ ಇದೆಯೇ, ಅಂದಿನ ಹಾಜರಾತಿ ಪುಸ್ತಕಕ್ಕೂ ಅದರಲ್ಲಿ ತೂಗಿದ ಅಕ್ಕಿಗೂ ಹೊಂದಿಕೆಯಿದೆಯೇ ಎಂಬುದನ್ನು ಆಗಲೇ ನೋಡಬಹುದು.