ಊರ ವೈ-ಫೈ ಮತ್ತು ಪ್ರಾಕ್ಸಿ: ಬೆಳೆಗಾರರು ತಿಳಿದಿರಬೇಕಾದ ಸಂಗತಿಗಳು



'ಪ್ರಾಕ್ಸಿ' ಎಂಬ ಪದ ನಮ್ಮ ಸದಸ್ಯರಿಗೆ ಹೊಸದಲ್ಲ. ಕರ್ನಾಟಕ ಸಹಕಾರ ಸಂಘಗಳ 1959ರ ಅಧಿನಿಯಮದ ಪ್ರಕಾರ ಸದಸ್ಯನು ತಾನೇ ಬಂದು ಮತ ಹಾಕಬೇಕು. ತನ್ನ ಬದಲು ಇನ್ನೊಬ್ಬರನ್ನು ಪ್ರಾಕ್ಸಿಯಾಗಿ ಕಳುಹಿಸುವಂತಿಲ್ಲ. "ಅಣ್ಣನಿಗೆ ಹುಷಾರಿಲ್ಲ, ಅವನ ಮತ ನಾನೇ ಹಾಕುತ್ತೇನೆ" ಎಂದು ಬರುವವರನ್ನು ಚುನಾವಣೆಯ ದಿನ ನಾವು ವಿನಯದಿಂದಲೇ ಹಿಂದಕ್ಕೆ ಕಳುಹಿಸಬೇಕಾಗುತ್ತದೆ. ಕಾನೂನು ಹೀಗಿರುವುದಕ್ಕೆ ಕಾರಣ ಸರಳವಾಗಿದೆ. ಬದಲಿಗೆ ಬಂದವನು ನಾವು ಹೇಳಿ ಕಳುಹಿಸಿದ್ದನ್ನೇ ಮಾಡುತ್ತಾನೆಂಬುದಕ್ಕೆ ಭರವಸೆ ಏನು?

ಇಂಟರ್‌ನೆಟ್ಟಿನಲ್ಲಿಯೂ ಪ್ರಾಕ್ಸಿ ಎಂಬುದೊಂದಿದೆ. ಅದನ್ನು ಕುರಿತು ಕೇಳಬೇಕಾದ ಪ್ರಶ್ನೆಯೂ ಇದೇ ಆಗಿದೆ. ಇದನ್ನು ಬರೆಯಲು ಪ್ರೇರಣೆಯಾದ ಒಂದು ಪ್ರಸಂಗವನ್ನು ಮೊದಲು ಹೇಳುತ್ತೇವೆ.

ಕಳೆದ ಮಳೆಗಾಲದಲ್ಲಿ ನಮ್ಮ ಸದಸ್ಯರೊಬ್ಬರು ತಾಯಿಯ ಚಿಕಿತ್ಸೆಗೆಂದು ಮೈಸೂರಿಗೆ ಬಂದು, ಅಗ್ರಹಾರದಲ್ಲಿ ಒಂದು ಕೋಣೆ ಹಿಡಿದು ಹನ್ನೆರಡು ದಿನ ಇದ್ದರು. ಬಾಡಿಗೆಯ ಜೊತೆಗೆ ವೈ-ಫೈ ಉಚಿತವಾಗಿತ್ತು. ಪಕ್ಕದ ಕೋಣೆಯಲ್ಲಿದ್ದ ಹುಡುಗನೊಬ್ಬ, "ಅಂಕಲ್, ಇಲ್ಲಿ ಎಲ್ಲರದೂ ಒಂದೇ ವೈ-ಫೈ. ನಿಮ್ಮದನ್ನ ಯಾರು ಬೇಕಾದ್ರೂ ನೋಡಬಹುದು. ಪ್ರಾಕ್ಸಿ ಹಾಕ್ಕೊಳ್ಳಿ" ಎಂದು ಒಳ್ಳೆಯ ಮನಸ್ಸಿನಿಂದಲೇ ಹೇಳಿ, ಎಲ್ಲಿಂದಲೋ ಒಂದು ಉಚಿತ ಪ್ರಾಕ್ಸಿಯ ವಿಳಾಸವನ್ನು ಅವರ ಫೋನಿನಲ್ಲಿ ತುಂಬಿಸಿದ. ಅದು ಕೇಳಿದಂತೆ 'ಸರ್ಟಿಫಿಕೇಟ್' ಎಂಬುದನ್ನೂ ಹಾಕಿಕೊಟ್ಟ. ಆಮೇಲೆ ಬ್ಯಾಂಕಿನ ಆ್ಯಪ್ ತೆರೆಯಲೇ ಇಲ್ಲ. ಬ್ರೌಸರಿನಲ್ಲಿ ಇಮೇಲ್ ಮಾತ್ರ ಸರಾಗವಾಗಿ ತೆರೆಯುತ್ತಿತ್ತು. ಊರಿಗೆ ಹೊರಡುವ ಮುನ್ನ ಅವರು ನಮ್ಮ ಕಛೇರಿಗೆ ಬಂದು, "ಬ್ಯಾಂಕಿನವರದ್ದು ಏನೋ ಕೆಟ್ಟಿದೆ, ಸ್ವಲ್ಪ ನೋಡಿ" ಎಂದು ಫೋನನ್ನು ಮುಂದಿಟ್ಟರು. ಕೆಟ್ಟದ್ದು ಬ್ಯಾಂಕಿನದ್ದಾಗಿರಲಿಲ್ಲ. ಏನಾಗಿತ್ತೆಂಬುದು ತಿಳಿಯಬೇಕಾದರೆ ವೈ-ಫೈ ಮತ್ತು ಪ್ರಾಕ್ಸಿಗಳ ಕೆಲಸ ಹೇಗೆ ನಡೆಯುತ್ತದೆಂದು ಸ್ವಲ್ಪ ನೋಡಬೇಕು.

ವೈ-ಫೈ ಎಷ್ಟು ಬಯಲು?

ಈ ಶತಮಾನದ ಮೊದಲ ದಶಕದಲ್ಲಿ ಮೈಸೂರನ್ನು ದೇಶದ ಮೊದಲ ವೈ-ಫೈ ನಗರವೆಂದು ಪತ್ರಿಕೆಗಳು ಹೊಗಳಿದ್ದವು. ಈಗ ಅಗ್ರಹಾರದ ಯಾವುದೇ ಬೀದಿಯಲ್ಲಿ ನಿಂತು ಫೋನ್ ತೆರೆದರೆ ಹತ್ತಾರು ವೈ-ಫೈ ಹೆಸರುಗಳು ಕಾಣುತ್ತವೆ. ಗೋಡೆಗೆ ಗೋಡೆ ಅಂಟಿದ ಸಾಲುಮನೆಗಳಲ್ಲಿ ಒಂದು ಮನೆಯ ಒಗ್ಗರಣೆಯ ಘಾಟು ಮುಂದಿನ ಮೂರು ಮನೆಗಳಿಗೆ ತಿಳಿಯುವಂತೆ, ವೈ-ಫೈ ಕೂಡ ಗೋಡೆ ದಾಟಿ ಹರಡುವ ರೇಡಿಯೋ ತರಂಗವೇ ಆಗಿದೆ. ಗುಪ್ತಪದವಿಲ್ಲದ ವೈ-ಫೈನಲ್ಲಿ ಹೋಗಿಬರುವುದನ್ನು ಹತ್ತಿರದಲ್ಲಿರುವ ಯಾರಾದರೂ ಹಿಡಿದುಕೊಳ್ಳಬಹುದು. ಗುಪ್ತಪದವಿದ್ದರೂ ಅದು ಲಾಡ್ಜಿನ ಎಲ್ಲ ಕೋಣೆಗಳಿಗೂ ಒಂದೇ ಆಗಿದ್ದರೆ, ಹಳೆಯ ಬಗೆಯ ವೈ-ಫೈಗಳಲ್ಲಿ ಆ ರಕ್ಷಣೆಯೂ ಅರ್ಧಂಬರ್ಧ. ಅಲ್ಲದೆ ಲಾಡ್ಜಿನ ಹೆಸರನ್ನೇ ಇಟ್ಟು ಇನ್ನೊಬ್ಬನು ತನ್ನದೊಂದು ವೈ-ಫೈಯನ್ನು ಪಕ್ಕದಲ್ಲಿ ಹಚ್ಚಿದರೆ, ನಮ್ಮ ಫೋನು ಹೆಸರು ನೋಡಿ ಅದಕ್ಕೂ ಸೇರಿಕೊಳ್ಳಬಹುದು.

2010ರಲ್ಲಿ ಅಮೆರಿಕದ ಎರಿಕ್ ಬಟ್ಲರ್ ಎಂಬವರು 'ಫೈರ್‌ಶೀಪ್' ಎಂಬ ಸಣ್ಣ ತಂತ್ರಾಂಶವನ್ನು ಹೊರತಂದರು. ಒಂದೇ ವೈ-ಫೈನಲ್ಲಿ ಕುಳಿತ ಪಕ್ಕದವರ ಫೇಸ್‌ಬುಕ್ ಖಾತೆಯೊಳಗೆ, ಅವರ ಗುಪ್ತಪದ ಗೊತ್ತಿಲ್ಲದೆಯೇ, ಹೊಕ್ಕುಬಿಡಬಹುದೆಂದು ಅದು ತೋರಿಸಿತು. ಇಂತಹ ಎಚ್ಚರಿಕೆಗಳ ನಂತರ ದೊಡ್ಡ ತಾಣಗಳೆಲ್ಲ ಎಚ್‌ಟಿಟಿಪಿಎಸ್ ಎಂಬ ಮೊಹರಿನ ಪದ್ಧತಿಗೆ ಬಂದವು. ಇದರಲ್ಲಿ ನಮ್ಮ ಫೋನು ಕಳುಹಿಸುವ ಒಕ್ಕಣೆಗೆ ಅಲ್ಲಿಯೇ ಮೊಹರು ಬೀಳುತ್ತದೆ. ಅದನ್ನು ಬ್ಯಾಂಕಿನ ಕಂಪ್ಯೂಟರ್ ಮಾತ್ರ ಒಡೆಯಬಲ್ಲದು. ದಾರಿಯಲ್ಲಿರುವವರಿಗೆ ಯಾವ ಬ್ಯಾಂಕಿಗೆ ಹೋಯಿತೆಂಬ ವಿಳಾಸ ಸಾಮಾನ್ಯವಾಗಿ ಕಾಣುತ್ತದೆ, ಒಳಗಿನ ವಿಷಯ ಕಾಣುವುದಿಲ್ಲ. ಆದಕಾರಣ 2010ರಲ್ಲಿದ್ದಷ್ಟು ಭಯ ಈಗ ಬೇಕಿಲ್ಲ. ಆದರೆ ಈ ಮೊಹರನ್ನು ನಾವೇ ಒಡೆಯಲು ಬಿಟ್ಟುಕೊಡಬಾರದು.

ಪ್ರಾಕ್ಸಿ ಮಾಡುವ ಕೆಲಸ

ಮೈಸೂರಿನ ಒಂದು ಮಂಡಿಯಲ್ಲಿ ಕಾಳುಮೆಣಸಿನ ಧಾರಣೆ ಎಷ್ಟೆಂದು ತಿಳಿಯಬೇಕು, ಆದರೆ ಕೇಳುತ್ತಿರುವವರು ನಾವೆಂದು ವ್ಯಾಪಾರಿಗೆ ಗೊತ್ತಾಗಬಾರದು ಎಂದಿಟ್ಟುಕೊಳ್ಳೋಣ. ಆಗ ಬೇರೊಬ್ಬನನ್ನು ಕಳುಹಿಸುತ್ತೇವೆ. ವ್ಯಾಪಾರಿ ಕಾಣುವುದು ಆ ಆಳಿನ ಮುಖವನ್ನು. ಆಳು ಉತ್ತರ ತಂದು ನಮಗೆ ಹೇಳುತ್ತಾನೆ. ಪ್ರಾಕ್ಸಿ ಸರ್ವರ್ ಎಂದರೆ ಇಂತಹ ಆಳು. ನಾವು ನೋಡುವ ತಾಣಕ್ಕೆ ನಮ್ಮ ಐಪಿ ವಿಳಾಸದ ಬದಲು ಪ್ರಾಕ್ಸಿಯ ವಿಳಾಸ ಕಾಣುತ್ತದೆ. ಕಾಲೇಜು, ಕಾರ್ಖಾನೆ, ದೊಡ್ಡ ಕಛೇರಿಗಳು ಒಂದೇ ಸಂಪರ್ಕವನ್ನು ಹಲವರಿಗೆ ಹಂಚಲು ಹಾಗೂ ಯಾರು ಏನು ನೋಡುತ್ತಾರೆಂದು ಲೆಕ್ಕವಿಡಲು ಇಂತಹ ಸರ್ವರುಗಳನ್ನು ಬಹುಕಾಲದಿಂದ ಬಳಸುತ್ತಿವೆ. ಫೋನಿನಲ್ಲಿ ವೈ-ಫೈ ಹೆಸರಿನ ವಿವರಗಳೊಳಗೆ ಪ್ರಾಕ್ಸಿ ಎಂಬ ಸಾಲು ಇರುತ್ತದೆ. ಅಲ್ಲಿ ವಿಳಾಸವನ್ನೂ ಪೋರ್ಟ್ ಸಂಖ್ಯೆಯನ್ನೂ ತುಂಬಿದರೆ ಆ ಒಂದು ವೈ-ಫೈಗೆ ಮಾತ್ರ ಅದು ಅನ್ವಯಿಸುತ್ತದೆ. ಅದನ್ನು ಲೆಕ್ಕಿಸದೆ ನೇರವಾಗಿ ಹೋಗುವ ಆ್ಯಪ್‌ಗಳೂ ಉಂಟು.

ಇಲ್ಲಿ ಮೂರು ಸಂಗತಿಗಳನ್ನು ಬೆಳೆಗಾರರು ಮನಗಾಣಬೇಕು.

ಮೊದಲನೆಯದು: ಮಂಡಿಯವನಿಗೆ ನಮ್ಮ ಮುಖ ಕಾಣದಿದ್ದರೂ ಆಳಿಗೆ ಎಲ್ಲವೂ ಗೊತ್ತು. ಯಾರು ಕಳುಹಿಸಿದರು, ಎಲ್ಲಿಗೆ ಕಳುಹಿಸಿದರು, ಎಷ್ಟು ಹೊತ್ತಿಗೆ ಎಂಬ ಲೆಕ್ಕ ಅವನ ಬಳಿ ಉಳಿಯುತ್ತದೆ. ನಂಬಿಕೆಯ ಅಗತ್ಯ ಇಲ್ಲವಾಗಲಿಲ್ಲ. ಲಾಡ್ಜಿನವನ ಮೇಲಿಡಬೇಕಾಗಿದ್ದ ನಂಬಿಕೆಯ ಒಂದು ಭಾಗವನ್ನು ಆಳಿನ ಮೇಲೆ ಇಟ್ಟಂತಾಯಿತು, ಅಷ್ಟೇ.

ಎರಡನೆಯದು: ಸಾಧಾರಣ ಪ್ರಾಕ್ಸಿಗೂ ನಮ್ಮ ಫೋನಿಗೂ ನಡುವೆ ಪ್ರತ್ಯೇಕ ಬೀಗವಿಲ್ಲ. ಬೀದಿಯ ಆಚೆ ನಿಂತ ಆಳಿಗೆ ಕೂಗಿ ಹೇಳಿದರೆ ಬೀದಿಗೆಲ್ಲ ಕೇಳಿಸುತ್ತದೆ. ಹಾಗೆಯೇ, ಮೊಹರಿಲ್ಲದ ಒಕ್ಕಣೆ ಪ್ರಾಕ್ಸಿ ಹಾಕಿದರೂ ಅದೇ ವೈ-ಫೈನಲ್ಲಿ ಬಯಲಾಗಿಯೇ ಹೋಗುತ್ತದೆ. ಯಾವುದಕ್ಕಾಗಿ ಹುಡುಗ ಪ್ರಾಕ್ಸಿ ಹಾಕಿಸಿದನೋ ಆ ಕೆಲಸವೇ ಅದರಿಂದ ಆಗುವುದಿಲ್ಲ.

ಮೂರನೆಯದು: ಬ್ಯಾಂಕು, ವಾಟ್ಸ್‌ಆ್ಯಪ್, ಸರ್ಕಾರಿ ಪೋರ್ಟಲ್ ಇವುಗಳಿಗೆ ನಾವು ಹೆಸರು, ಮೊಬೈಲ್ ಸಂಖ್ಯೆ, ಒಟಿಪಿ ಕೊಟ್ಟೇ ಒಳಗೆ ಹೋಗುತ್ತೇವೆ. ರೈಲ್ವೆ ನಿಲ್ದಾಣದ ಉಚಿತ ವೈ-ಫೈ ಕೂಡ ಮೊಬೈಲ್ ಸಂಖ್ಯೆ ಕೇಳಿಯೇ ಬಾಗಿಲು ತೆರೆಯುತ್ತದೆ. ಹೆಸರು ಹೇಳಿ ಒಳಗೆ ಹೋದ ಮೇಲೆ ಮುಖ ಮುಚ್ಚಿಕೊಂಡು ಫಲವಿಲ್ಲ.

ಆ ಫೋನಿಗೆ ಆದದ್ದೇನು?

ಈಗ ನಮ್ಮ ಸದಸ್ಯರ ಪ್ರಸಂಗಕ್ಕೆ ಬರೋಣ. ಸಾಮಾನ್ಯವಾಗಿ ಎಚ್‌ಟಿಟಿಪಿಎಸ್ ಮೊಹರು ಪ್ರಾಕ್ಸಿಯನ್ನೂ ದೂರವಿಡುತ್ತದೆ. ಆಳಿಗೆ ಲಕೋಟೆಯ ವಿಳಾಸ ಕಂಡರೂ ಒಳಗಿನ ಕಾಗದ ಕಾಣುವುದಿಲ್ಲ. ಆದರೆ ಪ್ರಾಕ್ಸಿ ಕೇಳಿದ ಸರ್ಟಿಫಿಕೇಟನ್ನು ಫೋನಿಗೆ ಹಾಕಿದರೆ ಲಕೋಟೆ ಒಡೆದು ಓದಿ, ಮತ್ತೆ ತನ್ನ ಮೊಹರು ಒತ್ತಿ ಮುಂದೆ ಕಳುಹಿಸುವ ಅಧಿಕಾರವನ್ನು ಆಳಿಗೆ ಬರೆದುಕೊಟ್ಟಂತಾಗುತ್ತದೆ. ಬ್ಯಾಂಕಿನ ಆ್ಯಪ್ ಈ ಹೊಸ ಮೊಹರನ್ನು ಒಪ್ಪಲಿಲ್ಲ. ಆದ್ದರಿಂದಲೇ ಅದು ತೆರೆಯಲಿಲ್ಲ. ಕೆಟ್ಟಿದೆಯೆಂದು ಬೈಸಿಕೊಂಡ ಆ ಆ್ಯಪ್ ನಿಜವಾಗಿ ಅವರನ್ನು ಕಾಪಾಡಿತ್ತು. ಬ್ರೌಸರ್ ಮಾತ್ರ, ಫೋನಿನ ಒಡೆಯರೇ ಒಪ್ಪಿ ಹಾಕಿಸಿದ ಸರ್ಟಿಫಿಕೇಟಲ್ಲವೇ ಎಂದು ಅದನ್ನು ನಂಬಿತು.

ಆ ಇಮೇಲಿನಲ್ಲಿ ಏನಿತ್ತು? ಪಹಣಿಯ ಪ್ರತಿ, ಆಧಾರ್ ಪ್ರತಿ, ಬೆಳೆಸಾಲದ ಪತ್ರ, ಕ್ಯೂರಿಂಗ್ ವರ್ಕ್ಸಿನ ಲೆಕ್ಕ, ಗೋದಾಮಿನಲ್ಲಿ ಎಷ್ಟು ಮೂಟೆ ಉಳಿದಿದೆಯೆಂಬ ಪಟ್ಟಿ. ಇದಲ್ಲದೆ, ಹಲವು ಖಾತೆಗಳ ಗುಪ್ತಪದ ಮರೆತರೆ ಹೊಸದನ್ನು ಪಡೆಯುವ ದಾರಿ ಇಮೇಲಿನ ಮೂಲಕ ಹಾಯುತ್ತದೆ. ಹಣವೇನೂ ಹೋಗಿರಲಿಲ್ಲ. ಆದರೆ ಹನ್ನೆರಡು ದಿನ ಆ ಕಾಗದಗಳನ್ನು ಯಾರಾದರೂ ಓದಿದರೇ ಎಂದು ತಿಳಿಯುವ ದಾರಿಯೇ ಇಲ್ಲ. "ನನ್ನ ಹತ್ತಿರ ಕದಿಯೋದಕ್ಕೆ ಏನಿದೆ ಸ್ವಾಮಿ?" ಎಂದು ಕೇಳುವ ಸದಸ್ಯರು ಈ ಪಟ್ಟಿಯನ್ನು ಇನ್ನೊಮ್ಮೆ ಓದಿಕೊಳ್ಳಬೇಕು. ಸಾಲದ ಕಂತು ಹತ್ತಿರವಿದೆ, ಮಾಲು ಗೋದಾಮಿನಲ್ಲಿದೆ ಎಂಬುದು ಗೊತ್ತಿರುವ ವ್ಯಾಪಾರಿಯ ಎದುರು ನಮಗೆ ಚೌಕಾಸಿ ಮಾಡಲು ಉಳಿಯುವುದೇನು?

ಉಚಿತವಾಗಿ ಕೊಡುವವರು ಯಾರು?

ಸರ್ವರಿಗೆ ವಿದ್ಯುತ್ತು, ಬಾಡಿಗೆ, ಸಂಬಳ ಎಲ್ಲವೂ ಬೇಕು. ಉಚಿತವಾಗಿ ಕೊಡುವವನಿಗೆ ಹಣ ಬೇರೆಲ್ಲಿಂದಲೋ ಬರಬೇಕು. 'ಹೋಲಾ' ಎಂಬ ಉಚಿತ ಸೇವೆ ತನ್ನ ಬಳಕೆದಾರರ ಸಂಪರ್ಕವನ್ನೇ ಬೇರೆಯವರಿಗೆ ಮಾರುತ್ತಿತ್ತೆಂಬುದು 2015ರಲ್ಲಿ ದೊಡ್ಡ ಸುದ್ದಿಯಾಯಿತು. ಅಂದರೆ ಯಾರೋ ಅಪರಿಚಿತ ಮಾಡಿದ ಕೆಲಸಕ್ಕೆ ನಮ್ಮ ಮನೆಯ ವಿಳಾಸ ದಾಖಲಾಗಬಹುದು. ಫೇಸ್‌ಬುಕ್ ಕಂಪನಿ 2013ರಲ್ಲಿ ಕೊಂಡ 'ಒನಾವೊ' ಎಂಬ ಉಚಿತ ಆ್ಯಪ್ ರಕ್ಷಣೆಯ ಹೆಸರಿನಲ್ಲಿ, ಜನರು ಬೇರೆ ಯಾವ ಆ್ಯಪ್‌ಗಳನ್ನು ಎಷ್ಟು ಬಳಸುತ್ತಾರೆಂಬ ಮಾಹಿತಿ ಕಲೆಹಾಕುತ್ತಿತ್ತು. ಟೀಕೆ ಹೆಚ್ಚಿ 2019ರಲ್ಲಿ ಅದನ್ನು ಮುಚ್ಚಿದರು. ಹೆಸರಾಂತ ಕಂಪನಿಗಳದೇ ಹೀಗಾದರೆ, ಯಾರದೆಂದೇ ಗೊತ್ತಿಲ್ಲದ ಪ್ರಾಕ್ಸಿಯ ಮಾತೇನು?

ವಿಪಿಎನ್ ಎಂಬುದು ಪ್ರಾಕ್ಸಿಗಿಂತ ಒಂದು ಹೆಜ್ಜೆ ಮೇಲು. ಅದು ಫೋನಿನಿಂದ ತನ್ನ ಸರ್ವರಿನವರೆಗೆ ಎಲ್ಲವನ್ನೂ ಬೀಗ ಹಾಕಿದ ಚೀಲದಲ್ಲಿ ಒಯ್ಯುತ್ತದೆ. ಲಾಡ್ಜಿನ ವೈ-ಫೈನವರಿಗೆ ಚೀಲ ಮಾತ್ರ ಕಾಣುತ್ತದೆ. ಆದರೆ ಚೀಲ ಒಯ್ಯುವವನ ಮೇಲೆ ನಂಬಿಕೆ ಇಡಬೇಕಾದದ್ದು ಇಲ್ಲಿಯೂ ತಪ್ಪಿದ್ದಲ್ಲ. ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ, ಜನಸಾಮಾನ್ಯರಿಗೆ ವಿಪಿಎನ್ ಒದಗಿಸುವವರು ಗ್ರಾಹಕರ ಹೆಸರು, ವಿಳಾಸ ಮುಂತಾದವುಗಳನ್ನು ಐದು ವರ್ಷ ಇಟ್ಟುಕೊಳ್ಳಬೇಕು. ಇದನ್ನು ಒಪ್ಪದೆ ಕೆಲವು ವಿದೇಶೀ ಕಂಪನಿಗಳು ಭಾರತದಲ್ಲಿದ್ದ ತಮ್ಮ ಸರ್ವರುಗಳನ್ನು ತೆಗೆದವು. ಆದಕಾರಣ ವಿಪಿಎನ್ ಹಾಕಿದೊಡನೆ ನಾವು ಯಾರೆಂಬುದು ಯಾರಿಗೂ ತಿಳಿಯದೆಂದು ಭಾವಿಸಬಾರದು.

ಇಷ್ಟೆಲ್ಲ ಗುಟ್ಟು ನಮಗೇಕೆ, ಇದು ತಪ್ಪು ಮಾಡುವವರ ಚಿಂತೆಯಲ್ಲವೇ ಎಂದು ಕೆಲವರು ಕೇಳಬಹುದು. ನಮ್ಮದೇ ರಾಜ್ಯದ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು 2012ರಲ್ಲಿ ಆಧಾರ್ ವಿಚಾರವಾಗಿ ಸಲ್ಲಿಸಿದ ಅರ್ಜಿಯಿಂದ ಹೊರಟ ಮೊಕದ್ದಮೆಯಲ್ಲಿ, ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಖಾಸಗಿತನ ಪ್ರಜೆಯ ಮೂಲಭೂತ ಹಕ್ಕೆಂದು ಒಮ್ಮತದಿಂದ ತೀರ್ಪು ಕೊಟ್ಟಿತು. ಹಕ್ಕು ನಮ್ಮದು. ಅದನ್ನು ದಾರಿಯಲ್ಲಿ ಸಿಕ್ಕ ಆಳಿನ ಕೈಗೆ ಕೊಡಬಾರದು.

ಸದಸ್ಯರು ಮಾಡಬೇಕಾದ್ದು

1. ಹಣದ ವ್ಯವಹಾರ, ಪಹಣಿ, ಸಾಲ, ಇಮೇಲ್ ಇವನ್ನು ಪರಸ್ಥಳದಲ್ಲಿ ಸ್ವಂತ ಸಿಮ್ಮಿನ ಡೇಟಾದಲ್ಲಿಯೇ ಮಾಡಿರಿ. ಆ ಹೊತ್ತಿಗೆ ವೈ-ಫೈ ಆರಿಸಿರಿ. ಮೊಬೈಲ್ ಕಂಪನಿಗೆ ಏನೂ ಕಾಣದೆಂದಲ್ಲ. ಆದರೆ ಪಕ್ಕದ ಕೋಣೆಯವರಿಗೆ ಕಾಣುವುದಿಲ್ಲ, ಮತ್ತು ಕಂಪನಿ ಲೈಸೆನ್ಸಿಗೆ ಬದ್ಧವಾಗಿದೆ.

2. ಧಾರಣೆ, ಹವಾಮಾನ, ಸುದ್ದಿ ನೋಡಲು ಊರ ವೈ-ಫೈ ಧಾರಾಳವಾಗಿ ಬಳಸಬಹುದು. ಕೋಣೆ ಬಿಡುವಾಗ ಆ ವೈ-ಫೈ ಹೆಸರನ್ನು ಫೋನಿನಿಂದ ಅಳಿಸಿರಿ. ಇಲ್ಲವಾದರೆ ಅದೇ ಹೆಸರು ಕಂಡಲ್ಲೆಲ್ಲ ಫೋನು ತಾನಾಗಿ ಸೇರಿಕೊಳ್ಳುತ್ತದೆ.

3. ಬ್ರೌಸರ್ 'ಸುರಕ್ಷಿತವಲ್ಲ' ಎಂದು ಎಚ್ಚರಿಸಿದರೆ ಅಲ್ಲಿಯೇ ನಿಲ್ಲಿರಿ. ಕ್ರೋಮ್ ಬ್ರೌಸರ್ 2023ರಲ್ಲಿ ಬೀಗದ ಚಿತ್ರವನ್ನು ಕೈಬಿಟ್ಟಿದೆ. ಆದುದರಿಂದ ಬೀಗ ಹುಡುಕುವುದಕ್ಕಿಂತ ಎಚ್ಚರಿಕೆಯ ಮಾತನ್ನು ಓದುವುದು ಮುಖ್ಯ.

4. ವೈ-ಫೈ ವಿವರದಲ್ಲಿ ಪ್ರಾಕ್ಸಿಯ ಸಾಲು ಖಾಲಿಯಿದೆಯೇ ನೋಡಿರಿ. ನೀವು ಅರಿಯದ ವಿಳಾಸವಿದ್ದರೆ ತೆಗೆಯಿರಿ. ಫೋನಿನ ಭದ್ರತೆಯ ವಿಭಾಗದಲ್ಲಿ ಬಳಕೆದಾರರು ಹಾಕಿದ ಸರ್ಟಿಫಿಕೇಟುಗಳ ಪಟ್ಟಿ ಇರುತ್ತದೆ, ಅದನ್ನೂ ಪರೀಕ್ಷಿಸಿರಿ. ಮಕ್ಕಳ ಕಾಲೇಜು ಅಥವಾ ಕಛೇರಿಯವರು ಹಾಕಿದ್ದಾದರೆ ಅವರನ್ನು ಕೇಳಿಯೇ ಮುಂದುವರಿಯಿರಿ.

5. ವಿಪಿಎನ್ ಬೇಕೇ ಬೇಕೆನ್ನುವವರು, ಒಡೆಯರು ಯಾರೆಂದು ತಿಳಿದ, ಹಣ ಕೊಟ್ಟು ಪಡೆಯುವ ಸೇವೆಯನ್ನೇ ಆರಿಸಿಕೊಳ್ಳಿರಿ.

6. ಇಮೇಲಿಗೆ ಎರಡು ಹಂತದ ಪ್ರವೇಶ ಇಟ್ಟುಕೊಳ್ಳಿರಿ. ಸಂಶಯ ಬಂದರೆ ಮೊದಲು ಪ್ರಾಕ್ಸಿ ಮತ್ತು ಸರ್ಟಿಫಿಕೇಟ್ ತೆಗೆದು, ಆಮೇಲೆ ಸ್ವಂತ ಡೇಟಾದಲ್ಲಿ ಗುಪ್ತಪದ ಬದಲಾಯಿಸಿರಿ.

7. ಹಣ ಹೋದದ್ದು ತಿಳಿದ ಕೂಡಲೇ 1930 ಸಂಖ್ಯೆಗೂ ನಿಮ್ಮ ಬ್ಯಾಂಕಿಗೂ ತಿಳಿಸಿರಿ. ನಾಚಿಕೆಯಿಂದ ಒಂದು ದಿನ ತಡಮಾಡಿದರೆ ಹಣ ಸಿಗುವ ಸಂಭವ ಕಡಿಮೆಯಾಗುತ್ತದೆ.

ಕೊನೆಗೆ ನಮ್ಮ ತಪ್ಪನ್ನೂ ಒಪ್ಪಿಕೊಳ್ಳಬೇಕು. ನಮ್ಮ ಕಛೇರಿಯ ವೈ-ಫೈ ಗುಪ್ತಪದ ಬರೆದ ಚೀಟಿ, ಬಂದವರಿಗೆ ಅನುಕೂಲವಾಗಲೆಂದು, ಮೂರು ವರ್ಷ ಕ್ಯಾಲೆಂಡರಿನ ಪಕ್ಕದಲ್ಲಿ ಅಂಟಿಕೊಂಡಿತ್ತು. ನಿಮ್ಮೆಲ್ಲರ ಸಾಲದ ಲೆಕ್ಕವಿರುವ ಕಂಪ್ಯೂಟರ್ ಕೂಡ ಅದೇ ವೈ-ಫೈನಲ್ಲಿತ್ತು. ಮೇಲಿನ ಪ್ರಸಂಗದ ಮರುವಾರವೇ ಚೀಟಿ ತೆಗೆದು, ಕಛೇರಿಗೆ ಒಂದು, ಬರುವ ಸದಸ್ಯರಿಗೆ ಇನ್ನೊಂದು ಎಂದು ಸಂಪರ್ಕವನ್ನು ಬೇರ್ಪಡಿಸಿದ್ದೇವೆ. ಫೋನಿನ ಬಗ್ಗೆ ಸಂಶಯವಿರುವ ಸದಸ್ಯರು ಮೈಸೂರಿಗೆ ಬಂದಾಗ ಸಂಕೋಚವಿಲ್ಲದೆ ತಂದು ತೋರಿಸಬಹುದು. ನಿಮ್ಮ ಗುಪ್ತಪದವನ್ನು ಮಾತ್ರ ನಮಗೂ ಹೇಳಬೇಡಿರಿ.