ಮಂಗಳವಾರದ ಸ್ಯಾಕ್ಸೋಫೋನ್ ಅಜ್ಜ

ಸ್ಯಾಕ್ಸೋಫೋನ್ ಎಂದೊಡನೆ ನಿಮಗೆ ಯಾರು ನೆನಪಾಗುತ್ತಾರೆ? ಕದ್ರಿ ಗೋಪಾಲನಾಥರೇ ಅಲ್ಲವೇ? ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಈ ವಾದ್ಯ ಕೇಳಿ ಮನಸೋತು, ಅದರಲ್ಲಿ ನಮ್ಮ ಕೀರ್ತನೆಗಳನ್ನು ನುಡಿಸಿ ತೋರಿಸಿದ ಪುಣ್ಯಾತ್ಮರು ಅವರು. 2019ರಲ್ಲಿ ತೀರಿಕೊಂಡರು. ಆದರೆ ಈ ವಾದ್ಯಕ್ಕೆ ಇನ್ನೊಂದು ಮನೆಯಿದೆ. ಅದು ಅಮೆರಿಕದ ಜಾಜ್ ಸಂಗೀತ. ಆ ಮನೆಯ ಹಿರಿಯರೊಬ್ಬರನ್ನು ಎದುರಿಗೇ ಕೂತು ಕೇಳುವ ಭಾಗ್ಯ ನನಗೆ 2008ರಲ್ಲಿ ಒದಗಿತು. ಅವರ ಹೆಸರು ವಾನ್ ಫ್ರೀಮನ್. ನಲವತ್ತು ದಾಟಿದೊಡನೆ 'ಇನ್ನು ನಮ್ಮದೇನಿದೆ, ಎಲ್ಲ ಮಕ್ಕಳದು' ಎನ್ನುವ ನಾವೆಲ್ಲ ಕೇಳಬೇಕಾದ ಕಥೆ ಅವರದು.

ಅಕ್ಕನ ಬಾಣಂತನಕ್ಕೆಂದು ಅಮ್ಮನ ಜೊತೆ ನಾನೂ ಶಿಕಾಗೋಗೆ ಹೋಗಿದ್ದೆ. ಭಾವನಿಗೆ ಸಂಗೀತದ ಹುಚ್ಚು. "ಮಂಗಳವಾರ ಬಾಮ್ಮ, ಒಬ್ಬ ಅಜ್ಜನನ್ನ ತೋರಿಸ್ತೀನಿ" ಎಂದರು. "ರಾತ್ರಿ ಹೊತ್ತು ಕ್ಲಬ್ಬಿಗಾ?" ಎಂದು ಅಮ್ಮ ಹುಬ್ಬೇರಿಸಿದರು. "ಹೋಗಿ ಬರಲಿ ಬಿಡಮ್ಮ, ಬಂದಾಗಿನಿಂದ ಬರೀ ಲಂಗೋಟಿ ಒಗೆಯೋದೇ ಆಯ್ತು" ಎಂದು ಅಕ್ಕ ನನ್ನ ಪರ ನಿಂತಳು.

ಊರಿನ ದಕ್ಷಿಣ ಭಾಗದ 75ನೇ ಬೀದಿಯಲ್ಲಿ 'ನ್ಯೂ ಅಪಾರ್ಟ್‌ಮೆಂಟ್ ಲೌಂಜ್' ಎಂಬ ಚಿಕ್ಕ ಬಾರು. ಸಿನಿಮಾದಲ್ಲಿ ತೋರಿಸುವ ಥಳುಕಿನ ಕ್ಲಬ್ಬು ಅಲ್ಲವೇ ಅಲ್ಲ. ನೆರೆಹೊರೆಯವರು ಬಂದು ಕೂತು ಹರಟುವ ಜಾಗ. ನಾನು ಕಿತ್ತಳೆ ರಸದ ಲೋಟ ಹಿಡಿದು ಸೆರಗು ಬಿಗಿಮಾಡಿಕೊಂಡು ಕೂತೆ. ಯಾರೂ ನನ್ನತ್ತ ತಿರುಗಿಯೂ ನೋಡಲಿಲ್ಲ. ಎಲ್ಲರ ಕಣ್ಣೂ ಆ ಅಜ್ಜನ ಮೇಲೆ. ಆಗ ಅವರಿಗೆ ಎಂಬತ್ತನಾಲ್ಕು!

ಜಾಜ್ ನಮಗೆಲ್ಲಿ ಅರ್ಥವಾದೀತು ಎಂದು ಹೆದರಬೇಡಿ. ಭಾವ ಹೇಳಿಕೊಟ್ಟ ಸೂತ್ರ ಸುಲಭವಾಗಿದೆ. ಮೊದಲು ಒಂದು ಹಾಡಿನ ಧಾಟಿಯನ್ನು ನೆಟ್ಟಗೆ ನುಡಿಸುತ್ತಾರೆ. ಆಮೇಲೆ ಒಬ್ಬೊಬ್ಬರೂ ಸರದಿಯಂತೆ ಅದನ್ನು ತಮಗೆ ತೋಚಿದಂತೆ ಬೆಳೆಸುತ್ತಾರೆ, ನಮ್ಮವರು ಕಲ್ಪನಾಸ್ವರ ಹಾಕಿದ ಹಾಗೆ ಎನ್ನಿ. ಕೊನೆಗೆ ಮೊದಲಿನ ಧಾಟಿಗೇ ಬಂದು ಸೇರುತ್ತಾರೆ. ಗಿಟಾರು, ದೊಡ್ಡ ಬೇಸ್ ಪಿಟೀಲು, ಡ್ರಮ್ಮು ಹಿಂದೆ ಆಸರೆಯಾಗಿರುತ್ತವೆ.

ಅಜ್ಜನ ನಾದ ನುಣುಪಾಗಿರಲಿಲ್ಲ. ಒರಟು. ಅಲ್ಲಲ್ಲಿ ಶ್ರುತಿ ತುಸು ಜಾರಿತೇನೋ ಎನ್ನಿಸುವಂತೆ ಸ್ವರವನ್ನು ಬಗ್ಗಿಸುತ್ತಿದ್ದರು. ಅದೇ ಅವರ ಗುರುತು ಎಂದು ಭಾವ ಪಿಸುಗುಟ್ಟಿದರು. ವೇಗದ ಹಾಡಿನಲ್ಲಿ ಚೇಷ್ಟೆ, ನಿಧಾನದ ಹಾಡಿನಲ್ಲಿ ಮಾತಾಡಿದಂಥ ಮೆಲುದನಿ. ಎರಡು ಸ್ವರಗಳ ನಡುವೆ ಅವರು ಉಸಿರೆಳೆದುಕೊಳ್ಳುವುದೂ ನಮಗೆ ಕೇಳಿಸುತ್ತಿತ್ತು. ರೆಕಾರ್ಡಿನಲ್ಲಿ ಇದು ಸಿಗುತ್ತದೆಯೇ ಹೇಳಿ?

ಅಂದ ಹಾಗೆ, ಅವರ ಬಾಲ್ಯದ ಕಥೆ ಕೇಳಿದರೆ ನಗು ಬರುತ್ತದೆ. ಫ್ರೀಮನ್ ಹುಟ್ಟಿದ್ದು 1923ರಲ್ಲಿ, ಶಿಕಾಗೋದಲ್ಲೇ. ಚಿಕ್ಕ ಹುಡುಗನಾಗಿದ್ದಾಗ ಅಪ್ಪನ ಗ್ರಾಮಫೋನಿನ ಕೊಳವೆಯನ್ನೇ ಕಿತ್ತು, ತೂತು ಕೊರೆದು, ಸ್ಯಾಕ್ಸೋಫೋನು ಮಾಡಿಕೊಂಡು ಊದಿದರಂತೆ! ಮುಂದೆ ಡೂಸಾಬಲ್ ಹೈಸ್ಕೂಲಿನಲ್ಲಿ ವಾಲ್ಟರ್ ಡಯೆಟ್ ಎಂಬ ಶಿಸ್ತಿನ ಮೇಷ್ಟರ ಕೈಯಲ್ಲಿ ಪಳಗಿದರು. ಎರಡನೇ ಮಹಾಯುದ್ಧದ ಕಾಲದಲ್ಲಿ ನೌಕಾಪಡೆಯ ಬ್ಯಾಂಡಿನಲ್ಲಿದ್ದರು. ಎಷ್ಟೋ ವಾದಕರು ಹೆಸರು, ಹಣ ಹುಡುಕಿಕೊಂಡು ನ್ಯೂಯಾರ್ಕಿಗೆ ಹೊರಟರೂ ಇವರು ಊರು ಬಿಡಲಿಲ್ಲ. ಸಿಕ್ಕ ಕಡೆ ನುಡಿಸುತ್ತಾ ಸಂಸಾರ ಸಾಗಿಸಿದರು. ಅವರ ಹೆಸರಿನಲ್ಲಿ ಮೊದಲ ರೆಕಾರ್ಡು ತಯಾರಾದದ್ದು 1972ರಲ್ಲಿ. ಆಗ ಅವರಿಗೆ ಐವತ್ತರ ಹತ್ತಿರ! ಮಗ ಚಿಕೋ ಕೂಡ ಹೆಸರಾಂತ ಸ್ಯಾಕ್ಸೋಫೋನ್ ವಾದಕ.

ನನಗೆ ಅತ್ಯಂತ ಹಿಡಿಸಿದ್ದು ಅವರ ಕಛೇರಿ ಮುಗಿದ ಮೇಲೆ ನಡೆದದ್ದು. ಮೀಸೆ ಚಿಗುರದ ಹುಡುಗರು ವಾದ್ಯಗಳ ಪೆಟ್ಟಿಗೆ ಹಿಡಿದು ಕಾಯುತ್ತಿದ್ದರು. ಅಜ್ಜ ಒಬ್ಬೊಬ್ಬರನ್ನೇ ಕರೆದು ನುಡಿಸಲು ಬಿಟ್ಟರು. ಹುಡುಗನೊಬ್ಬ ಮಧ್ಯೆ ತಬ್ಬಿಬ್ಬಾದ. ಯಾರೂ ನಗಲಿಲ್ಲ. ಅಜ್ಜ ತಲೆದೂಗುತ್ತಾ ನಿಂತರು, ಹುಡುಗ ಸಾವರಿಸಿಕೊಂಡ. ಪ್ರತಿ ಮಂಗಳವಾರ ಹೀಗೇ, ಎಷ್ಟೋ ವರ್ಷಗಳಿಂದ ಎಂದು ತಿಳಿದಾಗ, ಇದು ಬಾರಲ್ಲ ಪಾಠಶಾಲೆ ಎನ್ನಿಸಿತು. ಇಲ್ಲಿ ನುಡಿಸಿ ಕಲಿತ ಎಷ್ಟೋ ಜನ ಮುಂದೆ ಹೆಸರು ಮಾಡಿದ್ದಾರೆ.

ಗೌರವಗಳು ಅವರನ್ನು ಹುಡುಕಿಕೊಂಡು ಆ ಊರಿಗೇ ಬಂದವು. 75ನೇ ಬೀದಿಯ ಒಂದು ಭಾಗಕ್ಕೆ ಅವರ ಹೆಸರಿಟ್ಟರು. 2010ರಲ್ಲಿ ಶಿಕಾಗೋ ವಿಶ್ವವಿದ್ಯಾಲಯ ರೋಸನ್‌ಬರ್ಗರ್ ಪದಕ ಕೊಟ್ಟಿತು. ಅಮೆರಿಕದಲ್ಲಿ ಜಾಜ್ ಕಲಾವಿದರಿಗೆ ಸಲ್ಲುವ ದೊಡ್ಡ ಮನ್ನಣೆ, 'ಜಾಜ್ ಮಾಸ್ಟರ್', 2012ರಲ್ಲಿ ಸಂದಿತು. ಅದೇ ವರ್ಷ ಆಗಸ್ಟಿನಲ್ಲಿ, ಎಂಬತ್ತೆಂಟನೆಯ ವಯಸ್ಸಿನಲ್ಲಿ ಅವರು ತೀರಿಕೊಂಡರು. ಭಾವ ಫೋನಿನಲ್ಲಿ ಸುದ್ದಿ ಹೇಳಿದಾಗ ಮನೆಯ ಹಿರಿಯರನ್ನೇ ಕಳಕೊಂಡಂತೆ ಕಣ್ಣು ತುಂಬಿತು.

ಅಕ್ಕತಂಗಿಯರೇ, ಹಾಡೋ, ವೀಣೆಯೋ, ಹೊಲಿಗೆಯೋ, ಮದುವೆಯಾದ ಮೇಲೆ ಮೂಲೆ ಸೇರಿದ ವಿದ್ಯೆ ನಿಮ್ಮಲ್ಲೂ ಒಂದಿರಬಹುದು. ಧೂಳು ಕೊಡವಿ ವಾರಕ್ಕೆ ಒಂದು ದಿನವನ್ನಾದರೂ ಅದಕ್ಕೆ ಗೊತ್ತುಮಾಡಿ. ಬಂದ ಮಕ್ಕಳಿಗೆ ಹೇಳಿಕೊಡಿ. ಇನ್ನೊಂದು ಮಾತು. ನಿಮ್ಮೂರಿನ ದೇವಸ್ಥಾನದಲ್ಲಿ, ರಾಮನವಮಿಯ ಪೆಂಡಾಲಿನಲ್ಲಿ ವಯಸ್ಸಾದ ವಿದ್ವಾಂಸರು ನುಡಿಸುತ್ತಾರೆಂದು ತಿಳಿದರೆ, 'ಮುಂದಿನ ವರ್ಷ ನೋಡೋಣ' ಎನ್ನಬೇಡಿ. ಸಾರಿಗೆ ಒಗ್ಗರಣೆ ಬೇಗನೆ ಹಾಕಿಟ್ಟು, ಮಕ್ಕಳ ಕೈ ಹಿಡಿದು ಹೊರಡಿ. ಆದಷ್ಟೂ ಮುಂದಿನ ಸಾಲಿನಲ್ಲೇ ಕೂರಿ.